ಹೊಟ್ಟೆಗೆ ಕಟ್ಟಿದ ಮೊಟ್ಟೆ

ಬೆಳಗ್ಗೆ ಹತ್ತಕ್ಕೆ ಇಂದಿರಾನಗರದ ಔಷಧಿ ಲ್ಯಾಬಿನಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಕೆಟ್ಟು ನಿಂತಿತು. ಒಳಗಿದ್ದದ್ದು ಹನ್ನೆರಡು ಮೊಟ್ಟೆ, ಮತ್ತು ಲ್ಯಾಬ್ ಸಹಾಯಕ ಭೀಮಾಶಂಕರನ ನೌಕರಿ.

ಸಕ್ಕರೆ ಕಾಯಿಲೆಯವರ ಕಣ್ಣಿನಲ್ಲಿ ಬೇಡದ ರಕ್ತನಾಳಗಳು ಕಳೆಯಂತೆ ಹಬ್ಬುತ್ತವೆ. ಅದನ್ನು ತಡೆಯಲು ಲ್ಯಾಬಿನ ಮುಖ್ಯಸ್ಥೆ ರೇವತಿ ಮೇಡಂ ಪೆಪ್ಟೈಡ್ ಎಂಬ ಪ್ರೋಟೀನಿನ ಪುಟ್ಟ ತುಣುಕಿನಿಂದ ಔಷಧಿ ಮಾಡಿದ್ದರು. ಮರಿಯಾಗುವ ಮೊಟ್ಟೆಯಲ್ಲಿ ರಕ್ತನಾಳ ಬಲೆಯಂತೆ ಬೆಳೆಯುತ್ತದಲ್ಲ, ಹಾಗಾಗಿ ಮೊದಲ ಪರೀಕ್ಷೆ ಅಲ್ಲೇ. ಎಂಟು ಮೊಟ್ಟೆಗೆ ಔಷಧಿ ಹಾಕಿದ್ದರು, ನಾಲ್ಕಕ್ಕೆ ಇಲ್ಲ. ಇವತ್ತು ಒಡೆದು ನೋಡುವ ದಿನ. ಗೆದ್ದರೆ ಭೀಮಾಶಂಕರನ ಕೆಲಸ ಪರ್ಮನೆಂಟ್.

"ಕೆ.ಆರ್. ಪುರದ ನಮ್ ಇನ್ನೊಂದ್ ಲ್ಯಾಬಿಗೆ ತಗೊಂಡ್ ಬನ್ನಿ, ನಾನಿಲ್ಲೇ ಇದೀನಿ. ತಣ್ಣಗಾಗೋಕ್ ಮಾತ್ರ ಬಿಡ್ಬೇಡಿ," ಎಂದರು ಮೇಡಂ ಫೋನಿನಲ್ಲಿ.

ಕಸ ಗುಡಿಸುತ್ತಿದ್ದ ಗುಲ್ಷನ್ ಪೊರಕೆ ಕೆಳಗಿಟ್ಟಳು. "ಕೋಳಿ ಏನ್ ಮಾಡ್ತದೆ? ಮೈಗೆ ಒತ್ತಿಕೊಂಡು ಕೂತ್ಕೊಳ್ತದೆ. ಶರ್ಟ್ ಎತ್ತು ಬೇಟಾ." ಹತ್ತಿಯಲ್ಲಿ ಸುತ್ತಿದ ಮೊಟ್ಟೆಗಳನ್ನು ತನ್ನ ದುಪಟ್ಟಾದಿಂದ ಅವನ ಹೊಟ್ಟೆಗೆ ಬಿಗಿದಳು. ಭೀಮಾಶಂಕರ ದಿನ ತುಂಬಿದ ಬಸುರಿಯಂತೆ ಹೊರಟ.

ಮೆಟ್ರೋ ಸೆಕ್ಯುರಿಟಿಯವನ ಕೈ ಅವನ ಹೊಟ್ಟೆಯ ಮುಂದೆ ನಿಂತಿತು.

"ಏನ್ರೀ ಇದು, ಹೊಟ್ಟೇಲಿ?"

"ಮೊಟ್ಟೆ ಸರ್. ಹನ್ನೆರಡು."

ಅವನು ಮರುಕದಿಂದ ನೋಡಿದ. "ಅಷ್ಟೊಂದ್ ತಿನ್ಬಾರ್ದು ಕಣ್ರೀ. ಹೋಗಿ."

ರೈಲಿನಲ್ಲಿ ಸಿಕ್ಕವರು ಬೈಯಪ್ಪನಹಳ್ಳಿಯ ಅವನ ಬಾಡಿಗೆ ಮನೆ ಓನರ್ ಮುನಿರಾಜಪ್ಪ. "ಏನಯ್ಯಾ ಭೀಮಾ! ಮೊನ್ನೆ ಕಡ್ಡಿ ಥರ ಇದ್ದಲ್ಲಯ್ಯಾ!"

ಇಡೀ ಬೋಗಿ ತಿರುಗಿತು. ಒಬ್ಬರು ಲಿವರ್ ಎಂದರು, ಇನ್ನೊಬ್ಬರು ಜಂತುಹುಳ ಎಂದರು. ಒಬ್ಬಾಕೆ ಎದ್ದು ಸೀಟು ಬಿಟ್ಟುಕೊಟ್ಟರು.

"ಬ್ಯಾಡ್ರಿ ಅಕ್ಕಾರ, ಕುಂತ್ರ ಒಡೀತಾವ್ರಿ!" ಗಾಬರಿಯಲ್ಲಿ ಅವನ ಬಾಯಿಂದ ಕಲಬುರಗಿ ಹೊರಬಿತ್ತು.

"ಗ್ಯಾಸು ಕಣಯ್ಯಾ, ಒಂದ್ ತೇಗು ಬಂದ್ರೆ ಎಲ್ಲಾ ಸರಿಹೋಗುತ್ತೆ," ಎಂದು ಮುನಿರಾಜಪ್ಪ ಅಕ್ಕರೆಯಿಂದ ಹೊಟ್ಟೆ ತಟ್ಟಿದರು.

ಚಟ್. ಬೆಚ್ಚಗಿನದೇನೋ ಪ್ಯಾಂಟಿನೊಳಗೆ ಮೊಣಕಾಲು ದಾಟಿ ಬೂಟಿಗಿಳಿಯಿತು. ಕೆ.ಆರ್. ಪುರದವರೆಗೂ ಅವನ ಸುತ್ತ ಒಂದು ಮಾರು ಜಾಗ ಖಾಲಿಯೇ ಇತ್ತು.

ಉಳಿದ ಹನ್ನೊಂದು ಬೆಚ್ಚಗೆ ತಲುಪಿದವು. ಔಷಧಿ ಹಾಕಿದ್ದ ಏಳನ್ನು ಮೇಡಂ ಒಂದೊಂದಾಗಿ ಒಡೆದರು.

"ಭೀಮಾಶಂಕರ್! ಒಂದೇ ಒಂದು ನಾಳಾನೂ ಬೆಳೆದಿಲ್ಲ! ಗೆದ್ವಿ ಕಣ್ರೀ!"

ಭೀಮಾಶಂಕರನ ಕಣ್ಣು ತುಂಬಿ ಬಂತು. ಊರಿಗೆ ಫೋನ್ ಮಾಡಲು ಮೊಬೈಲ್ ತೆಗೆದ. ಅಷ್ಟರಲ್ಲಿ ಮೇಡಂ ಔಷಧಿ ಹಾಕದ ನಾಲ್ಕನ್ನೂ ಒಡೆದರು. ಅಲ್ಲೂ ರಕ್ತನಾಳವಿಲ್ಲ. ಆಮ್ಲೆಟ್ಟಿಗೆ ಒಡೆದಿಟ್ಟಂತೆ ಹಳದಿ ಹೊಳೆಯುತ್ತಿತ್ತು.

ಮೊಟ್ಟೆ ಮಾರಿದ್ದ ಶಿವಾಜಿನಗರದ ಶಫಿಗೆ ಮೇಡಂ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. "ಏನ್ರೀ, ಇವು ಮರಿಯಾಗೋ ಮೊಟ್ಟೆ ತಾನೇ?"

"ಮರಿ ಹೆಂಗಾಗ್ತದೆ ಮೇಡಂ? ನಮ್ ಹುಂಜ ಹೋದ್ ತಿಂಗಳೇ ಬಿರಿಯಾನಿ ಆಗೋಯ್ತು. ತಿನ್ನೋಕೆ ಅಂದ್ಕೊಂಡೆ."

ಭೀಮಾಶಂಕರ ಶಫಿಯನ್ನು ಬೈಯಲು ಬಾಯಿ ತೆರೆದ. ಮೇಡಂ ಲ್ಯಾಬಿನ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಅವನತ್ತ ತಿರುಗಿಸಿದರು: "ಮೂರನೇ ದಿನ ಎಲ್ಲ ಮೊಟ್ಟೆಗಳನ್ನೂ ದೀಪಕ್ಕೆ ಹಿಡಿದು ಪರೀಕ್ಷಿಸಲಾಯಿತು. ಹನ್ನೆರಡರಲ್ಲೂ ರಕ್ತನಾಳಗಳು ಸೊಗಸಾಗಿ ಬೆಳೆಯುತ್ತಿವೆ."

ಕೆಳಗೆ ದುಂಡನೆಯ ಸಹಿ: ಭೀಮಾಶಂಕರ.