ಸರೋವರದ ದಂಡೆಯಲ್ಲಿ ಊಟದ ಕರೆ

ಮನುಷ್ಯ ಆಡುವ ಕೆಲವು ಮಾತುಗಳು ಅವನ ಅಪ್ಪಣೆ ಕೇಳಿ ಹೊರಗೆ ಬರುವುದಿಲ್ಲ. ಸೀನು ಬಂದ ಹಾಗೆ ಬಂದುಬಿಡುತ್ತವೆ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಅಂಥ ಮಾತೊಂದಿದೆ: "ಬರ್ರಿ, ಊಟಾ ಮಾಡೂಣು." ತಾಟಿನ ಮುಂದೆ ಕೂತು ತುತ್ತು ಎತ್ತುವಾಗ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಸರಿ, ಅಂಚೆಯವನೋ, ಕರೆಂಟಿನ ಮೀಟರು ನೋಡುವವನೋ, ಈ ಮಾತು ಹೊರಬೀಳಲೇಬೇಕು. ಇಲ್ಲವಾದರೆ ಆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಬಂದವರೂ ಅಷ್ಟೇ ಚೆಂದವಾಗಿ "ಆಗೈತ್ರಿ, ನೀವು ಮಾಡ್ರಿ" ಎನ್ನುತ್ತಾರೆ. ಬೆಳಗಿನಿಂದ ಹೊಟ್ಟೆ ಖಾಲಿಯಿದ್ದರೂ ಹಾಗೆಯೇ ಅನ್ನುತ್ತಾರೆ. ನಿಜವಾಗಿ ಉಣ್ಣಿಸುವ ಮನಸ್ಸಿದ್ದರೆ ಮತ್ತೆ ಕರೆಯಬೇಕು, ಇನ್ನೊಮ್ಮೆ ಕರೆಯಬೇಕು, ಕೊನೆಗೆ ಎದ್ದು ಹೋಗಿ ಕೈ ಹಿಡಿದು ಎಳೆದು ತರಬೇಕು. ಈ ರಿವಾಜು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಇಡೀ ದೇಶಕ್ಕೇ ಗೊತ್ತಿರಬೇಕೆಂದು ನಾನು ತಿಳಿದಿದ್ದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನನ್ನ ಕಚೇರಿಯವರು ಕೊಡುವ ಪ್ರವಾಸದ ರಜೆ ಬಳಸದೆ ವ್ಯರ್ಥವಾಗುವುದರಲ್ಲಿತ್ತು. ಜೊತೆಯವರೆಲ್ಲ ಕಾಶಿ, ಹರಿದ್ವಾರ ಎಂದು ಹೊರಟಿದ್ದರು. ನಾನು ಬೇರೆಯೇ ಜಾತಿಯ ಮನುಷ್ಯನೆಂದು ತೋರಿಸಿಕೊಳ್ಳುವ ಚಟಕ್ಕೆ ಬಿದ್ದು, ಹಿಮಾಲಯದ ಬುಡದ ಒಂದು ರಾಷ್ಟ್ರೀಯ ಉದ್ಯಾನದಲ್ಲಿ, ಸರೋವರದ ದಂಡೆಯ ಮೇಲೆ, ಡೇರೆಯಲ್ಲಿ ವಾಸ ಮಾಡುವ ಏರ್ಪಾಡು ಮಾಡಿಕೊಂಡು ಬಂದೆ. ಸುದ್ದಿ ಕೇಳಿದ ನನ್ನ ಹೆಂಡತಿ ಸರೋಜಾ ಕಣ್ಣರಳಿಸುತ್ತಾಳೆಂದುಕೊಂಡರೆ, ಆಕೆ ಅಕ್ಕಿ ಆರಿಸುತ್ತಲೇ, "ಕೆರಿ ನೋಡಾಕ ಅಷ್ಟು ದೂರ ಯಾಕ್ರೀ? ನಮ್ಮ ಉಣಕಲ್ ಕೆರಿ ಬತ್ತೈತೇನು?" ಎಂದಳು. ಅಲ್ಲಿ ಹೋಟೆಲಿಲ್ಲ, ಚಪ್ಪರದಡಿಯ ಒಲೆಗಳಲ್ಲಿ ಅವರವರ ಅಡುಗೆ ಅವರೇ ಮಾಡಿಕೊಳ್ಳಬೇಕು ಎಂದು ತಿಳಿದ ಮೇಲಂತೂ ಅವಳ ನಿಲುವು ಸ್ಪಷ್ಟವಾಯಿತು. "ಒಲಿ ಊದಾಕ ನಾ ಹಿಮಾಲಯಕ್ಕ ಬರಂಗಿಲ್ಲ ನೋಡ್ರಿ."

ಹೀಗಾಗಿ ಬುತ್ತಿಯೇ ಗತಿಯಾಯಿತು. ನನಗೂ ಅದೇ ಬೇಕಾಗಿತ್ತು. ಎರಡು ದಿನ ಜೋಳದ ರೊಟ್ಟಿ ಕಾಣದಿದ್ದರೆ ನನಗೆ ಜಗತ್ತಿನ ಮೇಲೆಯೇ ಸಿಟ್ಟು ಬರುತ್ತದೆ. ಬೆಂಗೇರಿಯಲ್ಲಿರುವ ನನ್ನ ಅತ್ತೆ ತೆಳ್ಳಗೆ ಬಡಿದು, ಗರಿಗರಿಯಾಗಿ ಒಣಗಿಸಿದ ಖಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. "ಅಳಿಯಂದಿರ, ಅಳತಿ ಮಾಡಿ ತಿಂದ್ರ ವಾಪಸ್ ಬರೂತನಕ ಸಾಲತಾವು" ಎಂದು ಎಚ್ಚರಿಕೆಯನ್ನೂ ಕಟ್ಟಿಕೊಟ್ಟರು. ರೈಲಿನಲ್ಲಿ ಆ ಗಂಟನ್ನು ನಾನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ. ಸೂಟ್‌ಕೇಸನ್ನು ಸರೋಜಾ ನೋಡಿಕೊಂಡಳು.

ಸರೋವರವೇನೋ ಚೆಲುವಾಗಿತ್ತು, ಸುಳ್ಳು ಹೇಳಬಾರದು. ಸುತ್ತ ಕಾಡು, ಆಚೆ ಹಿಮದ ಬೆಟ್ಟ, ನೀರು ಕನ್ನಡಿಯ ಹಾಗೆ. ಉಣಕಲ್ ಕೆರೆಯ ಮಾತನ್ನು ಸರೋಜಾ ಮತ್ತೆ ಎತ್ತಲಿಲ್ಲ. ಆದರೆ ಕ್ಯಾಂಪಿನ ಮೇಲ್ವಿಚಾರಕ ಬಂದು ಒಂದು ಕಟ್ಟಳೆ ಹೇಳಿದ. ಕರಡಿಯ ಕಾಟವಿರುವುದರಿಂದ ತಿನ್ನುವ ಪದಾರ್ಥ ಡೇರೆಯೊಳಗೆ ಇಡಕೂಡದು, ಡೇರೆಯೊಳಗೆ ತಿನ್ನಲೂ ಕೂಡದು. ಬುತ್ತಿಯನ್ನು ಚಪ್ಪರದ ಕಬ್ಬಿಣದ ಕಪಾಟಿನಲ್ಲಿಟ್ಟು, ಹೊತ್ತಿಗೆ ತಕ್ಕಂತೆ ತಂದು, ದಂಡೆಯ ಬಯಲಿನಲ್ಲಿ ಕೂತು ತಿನ್ನಬೇಕು. ಕರಡಿಯಿಂದ ಬುತ್ತಿ ಉಳಿಯಿತಲ್ಲ ಎಂದು ನಾನು ಖುಷಿಪಟ್ಟೆ.

ಮೊದಲ ಸಂಜೆ ಬಟ್ಟೆ ಬಿಚ್ಚಿ, ರೊಟ್ಟಿ ಮುರಿದು, ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡು ಇನ್ನೇನು ಬಾಯಿಗಿಡಬೇಕು, ಪಕ್ಕದ ಡೇರೆಯ ದಿಲ್ಲಿಯ ಮೆಹ್ರಾ ಸಾಹೇಬರು ಹೆಂಡತಿ ಮತ್ತು ಇಬ್ಬರು ಕಾಲೇಜು ಹೆಣ್ಣುಮಕ್ಕಳೊಂದಿಗೆ ಆ ದಾರಿಯಲ್ಲಿ ಬಂದರು. ನನ್ನ ಬಾಯಿ ತನ್ನ ಪಾಡಿಗೆ ತಾನು, ಹುಬ್ಬಳ್ಳಿಯ ಹಿಂದಿಯಲ್ಲಿ, "ಬನ್ನಿ, ಊಟ ಮಾಡೋಣ" ಎಂದಿತು. ಅವರು ಬಂದರು. ಬಂದು ಕೂತರು! "ಆಗಿದೆ" ಇಲ್ಲ, "ನೀವು ಮಾಡಿ" ಇಲ್ಲ. ನಾನು ಎತ್ತಿದ ತುತ್ತನ್ನು ಕೆಳಗಿಟ್ಟು ಸರೋಜಾಳ ಮುಖ ನೋಡಿದೆ. ಅವಳು ಸರೋವರ ನೋಡುತ್ತಿದ್ದಳು.

ಅವರಿಗೆ ರೊಟ್ಟಿ ಬಹಳ ಹಿಡಿಸಿತು. ಹುಡುಗಿಯರು ಹಪ್ಪಳದ ಹಾಗೆ ಕರಕರ ಮುರಿದು ತಿಂದರು. ನಮ್ಮೂರಿನ ರೊಟ್ಟಿಯನ್ನು ಹೊಗಳುತ್ತಾರಲ್ಲ ಎಂದು ಹೆಮ್ಮೆ, ಮೆಹ್ರಾ ಸಾಹೇಬರ ಕೈ ಮತ್ತೆ ಬಟ್ಟೆಯ ಕಡೆ ಹೊರಟಾಗಲೆಲ್ಲ ಎದೆ ಧಸಕ್. ಎರಡೂ ನನಗೆ ಒಟ್ಟಿಗೇ ಆಗುತ್ತಿದ್ದವು. ಎಲ್ಲ ಮುಗಿದ ಮೇಲೆ ಅವರು ಕೈ ಝಾಡಿಸಿ ಎದ್ದು, "ಒಳ್ಳೆಯ ತಿಂಡಿ. ಇನ್ನು ನಾವು ಊಟಕ್ಕೆ ಹೋಗುತ್ತೇವೆ" ಎಂದು ಹೇಳಿ ತಮ್ಮ ಒಲೆಯ ಕಡೆ ನಡೆದರು.

"ನಾಳಿಂದ ಬಾಯಿ ಮುಚ್ಚಿಕೊಂಡು ತಿನ್ರಿ" ಎಂದಳು ಸರೋಜಾ.

"ಬಾಯಿ ಮುಚ್ಚಿಕೊಂಡು ಹೆಂಗ ತಿನ್ನಬೇಕ ಮಾರಾಯ್ತಿ?"

"ಹಂಗಾರ ಕರ್ಕೋಂತ ಕುಂದರ್ರಿ."

ಮರುದಿನ ನಾನು ದಾರಿಗೆ ಬೆನ್ನು ಮಾಡಿ, ನೀರಿನ ಕಡೆ ಮುಖ ಮಾಡಿ ಕೂತೆ. ಕಾಣದವರನ್ನು ಕರೆಯುವ ಕಟ್ಟುಪಾಡು ನಮ್ಮಲ್ಲೂ ಇಲ್ಲ. ಆದರೆ ಬೆನ್ನ ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ತುತ್ತು ಗಂಟಲಲ್ಲಿ ನಿಂತಿತು. ನೀರು ಕುಡಿದೆ, ಇಳಿಯಲಿಲ್ಲ. ಕೆಮ್ಮು ಬಂತು. ಕೆಮ್ಮು ಕೇಳಿ ಮೆಹ್ರಾ ಸಾಹೇಬರು ಪಾಪ, ಏನಾಯಿತೆಂದು ಹತ್ತಿರ ಬಂದರು. ಹತ್ತಿರ ಬಂದವರನ್ನು ಕರೆಯದೆ ಇರುವುದಕ್ಕಾಗುತ್ತದೆಯೇ? ಈ ಸಲ ಅವರು ಹೆಂಡತಿ ಮಕ್ಕಳನ್ನು ಕೂಗಿ ಕರೆದದ್ದಲ್ಲದೆ, ಅತ್ತ ಕಡೆಯ ಡೇರೆಯ ದಂಪತಿಗಳನ್ನೂ ಕರೆತಂದು, ಈ ದಕ್ಷಿಣದವರು ಎಷ್ಟು ದೊಡ್ಡ ಮನಸ್ಸಿನವರು ಎಂದು ಪರಿಚಯ ಮಾಡಿಸಿದರು. ಹೊಗಳಿಸಿಕೊಂಡವನು ಗಂಟು ಕಟ್ಟುವುದು ಹೇಗೆ? ನಾನೇ ಬಡಿಸಿದೆ. ಸರೋಜಾ ಸೆರಗು ಬಾಯಿಗಡ್ಡ ಹಿಡಿದು ನಗುತ್ತಿದ್ದಳು.

ಕೊನೆಯ ಸಂಜೆ ಬಟ್ಟೆ ಬಿಚ್ಚಿದರೆ ರೊಟ್ಟಿಯ ಪುಡಿಯಷ್ಟೇ ಇತ್ತು. ನಮ್ಮನ್ನು ಕರೆದೊಯ್ಯುವ ಜೀಪು ಬರುವುದು ಮರುದಿನ. ಮಧ್ಯಾಹ್ನವೂ ಅರೆಹೊಟ್ಟೆ. ಚಪ್ಪರದಡಿ ಮೆಹ್ರಾ ಅವರ ಹೆಂಡತಿ ರಾಜ್ಮಾ ಬೇಯಿಸುತ್ತಿದ್ದರು. ಆ ಘಮ ತಣ್ಣನೆಯ ಗಾಳಿಯಲ್ಲಿ ನೇರವಾಗಿ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಗೋಧಿ, ಅಕ್ಕಿ, ಜೋಳ ಎಂಬ ಭೇದಭಾವವೆಲ್ಲ ನನ್ನಲ್ಲಿ ಆಗಲೇ ಅಳಿದಿತ್ತು. ಅಷ್ಟರಲ್ಲಿ ಆ ಮಹಾತಾಯಿ ಸೌಟು ಹಿಡಿದುಕೊಂಡೇ ನಮ್ಮ ಬಳಿ ಬಂದು, "ಬನ್ನಿ ಭಾಯಿಸಾಹೇಬ್, ಇವತ್ತು ನಮ್ಮಲ್ಲಿ ಊಟ ಮಾಡಿ" ಎಂದರು.

ಆಗ ನಾನು ಮಾಡಿದ್ದೇನು? ಹೊಟ್ಟೆಯ ಮೇಲೆ ಕೈಯಾಡಿಸಿ, ಮುಖದ ಮೇಲೆ ಸಂತೃಪ್ತಿಯ ನಗೆ ತಂದುಕೊಂಡು, "ನಮ್ಮದು ಆಗಿದೆ, ನೀವು ಮಾಡಿ" ಎಂದೆ. ಆ ಪ್ರವಾಸದಲ್ಲಿ ನಾನಾಡಿದ ತಪ್ಪಿಲ್ಲದ ಹಿಂದಿ ಅದೊಂದೇ. "ಹೌದೇ? ಸರಿ" ಎಂದು ಆಕೆ ತಿರುಗಿದರು. ಸರೋಜಾ ಥಟ್ಟನೆ ಎದ್ದು, "ನಂದು ಆಗಿಲ್ರೀ ಬಾಯಾರ, ನಾ ಬಂದೆ" ಎಂದು ಅಪ್ಪಟ ಕನ್ನಡದಲ್ಲಿ ಹೇಳಿ ಅವರ ಹಿಂದೆಯೇ ನಡೆದುಬಿಟ್ಟಳು. ಹಿಮಾಲಯದ ಬುಡದಲ್ಲಿ ಆ ಕನ್ನಡ ಎಲ್ಲರಿಗೂ ತಿಳಿಯಿತು.

ನಾನು ಎರಡನೆಯ ಕರೆಗಾಗಿ ಕಾಯುತ್ತ ಕೂತೆ. ಚಪ್ಪರದಡಿ ತಾಟುಗಳ ಸದ್ದು, ನಗು. ಅಲ್ಲಿಂದ ಸರೋಜಾ ಕೂಗಿದಳು: "ಏನ್ರೀ, ಭಾಳ ಛಲೋ ಆಗೈತ್ರೀ! ಸುಮ್ನ ಎದ್ದು ಬರ್ರಿ, ಇಲ್ಲೆ ಯಾರೂ ಕೈ ಹಿಡಿದು ಎಳಿಯಂಗಿಲ್ಲ!" ಆಗಿದೆ ಎಂದವನು ಯಾವ ಮುಖ ಹೊತ್ತು ಹೋಗಬೇಕು? ಮರ್ಯಾದೆಯೊಂದು ಕಡೆ, ರಾಜ್ಮಾ ಒಂದು ಕಡೆ.

ಅಷ್ಟರಲ್ಲಿ ಮೆಹ್ರಾ ಸಾಹೇಬರೇ ಎದ್ದು ನನ್ನ ಕಡೆ ಬರುವುದು ಕಂಡಿತು. ಬಂತು, ಎರಡನೆಯ ಕರೆ ಬಂತು! ನಾನು ಶಾಲು ಸರಿಪಡಿಸಿಕೊಂಡೆ. ಈ ಸಲ ತುಸು ಮೆಲ್ಲಗೆ ಬೇಡವೆನ್ನಬೇಕೆಂದು ಗಂಟಲನ್ನೂ ಸಿದ್ಧಮಾಡಿಕೊಂಡೆ. ಅವರು ಬಂದು ಮರುಕದಿಂದ ನನ್ನ ಭುಜ ಮುಟ್ಟಿ, ಜೇಬಿನಿಂದ ಸಣ್ಣ ಡಬ್ಬಿ ತೆಗೆದು, ಎರಡು ಕಪ್ಪು ಗುಳಿಗೆ ಮುಂದೆ ಹಿಡಿದರು. ನಾನು ಹೊಟ್ಟೆಯ ಮೇಲೆ ಕೈಯಾಡಿಸಿದ್ದನ್ನು ಅವರ ಹೆಂಡತಿ ಹೇಳಿದ್ದರಂತೆ. ಅಷ್ಟೊಂದು ಒಣರೊಟ್ಟಿ ತಿಂದರೆ ಅಜೀರ್ಣವಾಗದೆ ಇರುತ್ತದೆಯೇ, ಇದನ್ನು ನುಂಗಿ, ಅರ್ಧ ತಾಸಿನಲ್ಲಿ ಚೆನ್ನಾಗಿ ಹಸಿವಾಗುತ್ತದೆ ಎಂದರು.

ನಾನು ಬೇಡ ಎನ್ನಲಿಲ್ಲ. ಜನ್ಮದಲ್ಲಿ ಮೊದಲ ಸಲ, ಒಂದೇ ಕರೆಗೆ ಕೈ ಚಾಚಿದೆ. ಗುಳಿಗೆ ಬಹಳ ಒಳ್ಳೆಯದಿತ್ತು. ಅವರು ಹೇಳಿದಂತೆಯೇ ಆಯಿತು.