ಗ್ಯಾಸಿನ ಪೈಪು ನೋಡಿ ಹೆಣ್ಣು ಒಪ್ಪಿದ ಬೀಗರು

ಹೆಣ್ಣು ನೋಡಲು ಬಂದು, ಹೆಣ್ಣನ್ನು ಬಿಟ್ಟು ಗ್ಯಾಸಿನ ಪೈಪು ನೋಡಿ ಒಪ್ಪಿಗೆ ಕೊಟ್ಟವರನ್ನು ನೀವೆಲ್ಲಾದರೂ ಕಂಡಿದ್ದೀರಾ? ಇಲ್ಲವೆಂದರೆ ಬಸವನ ಬಾಗೇವಾಡಿಯ ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ. ಅವರು ನಮ್ಮ ಬೀಗರು, ನನ್ನ ಮಗಳು ಸವಿತಾಳ ಮಾವ. ಊರು ಇಂಡಿ.

ಅವತ್ತು ಎಲ್ಲರೂ ಪಡಸಾಲೆಯಲ್ಲಿ ಚೂಡಾ ತಿನ್ನುತ್ತ ಕೂತಿದ್ದರೆ ಇವರು ನೀರು ಬೇಕೆಂದು ನೆಪ ಹೇಳಿ ಸೀದಾ ಅಡಿಗೆಮನೆಗೆ ಬಂದರು. ನಾನು ತಂಬಿಗೆ ಹುಡುಕುವುದರೊಳಗೆ ಒಲೆಯ ಹಿಂದೆ ಬಗ್ಗಿ, ಪೈಪನ್ನು ಹಾವಾಡಿಗ ಹಾವು ಹಿಡಿದಂತೆ ಹಿಡಿದು ನಿಂತಿದ್ದರು.

"ಇದು ಹಳೇದಾತ್ರಿ ಅಕ್ಕಾರ. ಪೈಪಿನ ಮ್ಯಾಲ ತಾರೀಖು ಐತಿ ನೋಡ್ರಿ, ಮುಗದು ಹೋಗೈತಿ."

ಮುಗಿದು ಹೋಗಿದ್ದು ಪೈಪಿನ ಆಯುಷ್ಯವೋ, ನನ್ನ ಮಗಳ ಸಂಬಂಧವೋ? ಹೊರಗೆ ಸವಿತಾ ಚಹಾ ಕೊಟ್ಟಳು. ಬೇರೆಯವರಾದರೆ ಎಷ್ಟು ಓದಿದ್ದೀ, ಅಡಿಗೆ ಬರುತ್ತದೋ ಎಂದು ಕೇಳುತ್ತಾರೆ. ಇವರು ಕೇಳಿದ್ದು ಒಂದೇ ಪ್ರಶ್ನೆ.

"ತಂಗಿ, ಚಹಾ ಸೋಸಿ ಬರೂಮುಂದ ಸಿಲಿಂಡರ್ ಬಂದ್ ಮಾಡಿದೇನವಾ?"

"ಮ್ಯಾಲಿಂದೂ ಮಾಡೇನ್ರಿ, ಕೆಳಗಿಂದೂ ಮಾಡೇನ್ರಿ."

"ನಮಗ ಹೆಣ್ಣು ಒಪ್ಪಿಗಿ ಐತಿ," ಎಂದು ಕಪ್ಪು ಕೆಳಗಿಟ್ಟರು. ಹುಡುಗ ಪಾಪ ಇನ್ನೂ ತಲೆಯೆತ್ತಿ ಹುಡುಗಿಯನ್ನು ನೋಡಿಯೇ ಇರಲಿಲ್ಲ.

ಬೀಗರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಗಾರರ ಜೀವ ಕಾಯುವ ಸಾಹೇಬರಾಗಿದ್ದರು. ಯಾರು ಟೋಪಿ ಹಾಕಿಲ್ಲ, ಯಾರು ಕೈಗವಸು ಹಾಕಿಲ್ಲ, ಯಾರು ನೀರು ಕುಡಿಯದೆ ಬಿಸಿಲಲ್ಲಿ ನಿಂತಿದ್ದಾರೆ ಎಂದು ನೋಡುವುದೇ ಕೆಲಸ. ರಿಟೈರಾದರು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಕಾರ್ಖಾನೆಯನ್ನು ಬಿಡಲಿಲ್ಲ. ಅಲ್ಲಿ ನೂರಾರು ಮಂದಿಗೆ ಹಂಚುತ್ತಿದ್ದ ಬುದ್ಧಿಮಾತನ್ನು ಈಗ ಇಬ್ಬರೇ ಹೆಂಗಸರಿಗೆ ಹಂಚಬೇಕಾಗಿದೆ. ಒಬ್ಬರು ಅವರ ಹೆಂಡತಿ, ಇನ್ನೊಬ್ಬಳು ನಾನು. ನಮ್ಮ ಪಾಲಿಗೆ ಎಷ್ಟು ಬಂತು ಎಂಬ ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನನಗೆ ಮೊಮ್ಮಗಳು ಹುಟ್ಟಿದಳು! ಇದನ್ನು ಮೊದಲನೇ ಮಾತಿನಲ್ಲೇ ಹೇಳಬೇಕಿತ್ತು, ಬೀಗರು ಅಡ್ಡ ಬಂದರು. ಅವರ ಸ್ವಭಾವವೇ ಹಾಗೆ, ಎಲ್ಲದಕ್ಕೂ ಅಡ್ಡ ಬರುತ್ತಾರೆ. ಕೂಸಿಗೆ ತಲೆತುಂಬ ಕೂದಲು. ಆಕಳಿಸಿದರೆ ಬಾಯಿ ಒಂದು ಏಲಕ್ಕಿ ಹಿಡಿಯುವಷ್ಟು. ಮೂಗು ನನ್ನದು. ಇಂಡಿಯವರು ತಮ್ಮದೆನ್ನುತ್ತಾರೆ, ಅನ್ನಲಿ, ಮೂಗಿಗೆ ಪಹಣಿ ಪತ್ರ ಇರುತ್ತದೆಯೇ? ಚೊಚ್ಚಲ ಬಾಣಂತನ ತವರಿನಲ್ಲಿ. ಐದು ತಿಂಗಳು ಕೂಸು ನನ್ನ ಮಡಿಲಲ್ಲಿರಬೇಕು, ಇದು ನಮ್ಮ ಕಡೆಯ ರೂಢಿ. ಮೂರನೇ ತಿಂಗಳಲ್ಲಿ ತೊಟ್ಟಿಲ ದಿನ ಗೊತ್ತು ಮಾಡಿ ಕರೆ ಕಳಿಸಿದ ಮೇಲೆ ಬೀಗರು ಬಟ್ಟೆ ಬಂಗಾರ ತೆಗೆದುಕೊಂಡು ಬರಬೇಕು, ಅದೂ ರೂಢಿ.

ನಮ್ಮ ಬೀಗರು ವಾರ ತುಂಬುವ ಮೊದಲೇ, ಕರೆಯದೆ, ಒಂದು ಚೀಲ ಲಿಂಬೆಹಣ್ಣಿನೊಂದಿಗೆ ಬಾಗಿಲಲ್ಲಿ ನಿಂತಿದ್ದರು. ವಿಜಯಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದರು.

"ಬರ್ರಿ ಬೀಗರ, ಕೂಸಿನ್ನ ನೋಡಾಕ ಬಂದ್ರ್ಯಾ?"

"ಇಲ್ರಿ ಅಕ್ಕಾರ. ಖೋಲಿ ನೋಡಾಕ ಬಂದೇನಿ."

ಬಾಣಂತಿಯ ಕೋಣೆಗೆ ಹೋದವರು ಬಾಗಿಲಲ್ಲೇ ಗಕ್ಕನೆ ನಿಂತರು. ಬಾಣಂತಿಯ ಹೊರಸಿನ ಕೆಳಗೆ ಶೇಗಡಿಯಲ್ಲಿ ಇದ್ದಿಲ ಕೆಂಡ ನಿಗಿನಿಗಿ ಉರಿಯುತ್ತಿತ್ತು. ತಾಯಿಗೂ ಕೂಸಿಗೂ ಕಾವು ಬೇಕಲ್ಲ. ಗಾಳಿ ಸೋಕಬಾರದೆಂದು ಕಿಟಕಿ ಎಳೆದು, ಅದರ ಸಂದಿಗೂ ಹಳೆ ಸೀರೆ ತುರುಕಿದ್ದೆ. ನನ್ನ ಮಟ್ಟಿಗೆ ಅದು ಅರಮನೆ.

"ಮದ್ಲ ಇದನ್ನ ಹೊರಗ ಒಯ್ರಿ," ಅಂದರು.

"ಯಾಕ್ರಿ? ನಮ್ಮವ್ವ ನನಗೂ ಹಿಂಗ ಕಾವು ಕೊಟ್ಟಾಳ. ನಾ ಗಟ್ಟಿಮುಟ್ಟ ಅದೇನಲ್ಲ?"

"ನಿಮ್ಮವ್ವನ ಮನಿ ಮಣ್ಣಿನ ಮಾಳಿಗಿ ಮನಿರಿ. ಮ್ಯಾಲ ಬೆಳಕಿಂಡಿ ಇತ್ತು, ಬಾಗಲದಾಗ ಸಂದಿ ಇತ್ತು. ಇದು ಸ್ಲ್ಯಾಬಿನ ಮನಿ, ಕಿಟಕಿಗೆ ಗಾಜು. ಕೆಂಡದ ಕೆಟ್ಟ ಗಾಳಿ ಎಲ್ಲಿ ಹೋಗಬೇಕು? ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಮಲಗಿದವ್ರನ್ನ ಮಲಗಿಸಿಬಿಡತೈತ್ರಿ."

ನಾನು ಸವಿತಾಳ ಕಡೆ ನೋಡಿದೆ. ಅವ್ವನ ಪರವಾಗಿ ಒಂದು ಮಾತಾಡಲಿ ಎಂದು. ಅವಳು, "ಹೌದವ್ವಾ, ನಿನ್ನಿಯಿಂದ ನನ್ನ ತಲಿ ಭಾರ ಆಗೇತಿ," ಅಂದಳು. ಹೆತ್ತ ಮಗಳು ಬೀಗರ ಪಕ್ಷ ಸೇರಿದಳು.

ಆಗ ಬೀಗರು ಆ ಮಾತು ಹೇಳಿದರು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ತೊಟ್ಟಿಲದ ತನಕ ನಾ ಬಂದು ಬಂದು ನೋಡ್ತೇನಿ. ಎಲ್ಲಾ ಬರಾಬರಿ ಇದ್ರ ಚಲೋ. ಇಲ್ಲಂದ್ರ ತೊಟ್ಟಿಲಾ ಮುಗಿಸಿ ಕೂಸು ಬಾಣಂತಿ ಇಬ್ಬರನೂ ಇಂಡಿಗಿ ಕರಕೊಂಡು ಹೋಗ್ತೇನಿ."

ಐದು ತಿಂಗಳು ನನ್ನ ಮಡಿಲಲ್ಲಿರಬೇಕಾದ ಕೂಸನ್ನು ತೊಟ್ಟಿಲ ದಿನವೇ ಕೊಂಡೊಯ್ಯುವುದೇ? ಶೇಗಡಿಯನ್ನು ಎರಡು ಕೈಯಲ್ಲಿ ಹಿಡಿದು ಅಂಗಳಕ್ಕೆ ಒಯ್ದೆ. ಅಲ್ಲೇ ಕೆಂಡ, ಅಲ್ಲೇ ಅರಿವೆ ಬೆಚ್ಚಗೆ ಮಾಡಿ ಒಳಗೆ ತರುವುದು. ಕಿಟಕಿ ಒಂದು ಗೇಣು ತೆರೆದೇ ಇಡುವುದು. ಮರುದಿನ ಸವಿತಾಳ ತಲೆ ಹಗುರಾಯಿತು. ಅದಕ್ಕೆ ಕಾರಣ ನಾನು ಕೊಟ್ಟ ಅಂಟಿನುಂಡೆ ಎಂದು ಊರಿಗೆಲ್ಲ ಹೇಳಿದೆ.

ಅಲ್ಲಿಂದ ಶುರುವಾಯಿತು ನೋಡಿ. ಸೋಮವಾರ ಬಂತೆಂದರೆ ಬೀಗರು ಬಂದರು. ಬಂದವರೇ ಸೋಪು ಹಚ್ಚಿ ಮೊಣಕೈತನಕ ಕೈ ತೊಳೆಯುವುದು, ಆಮೇಲೆ ಸ್ವಿಚ್ಚಿನ ಬೋರ್ಡು, ಬಚ್ಚಲ ಪಾಚಿ, ಔಷಧಿ ಬಾಟಲಿ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುವುದು. ಒಮ್ಮೆ ಫಿನೈಲನ್ನು ಹಳೆ ಶರಬತ್ತಿನ ಬಾಟಲಿಯಲ್ಲಿಟ್ಟಿದ್ದೆ. ಅವರು ಅದನ್ನು ಎತ್ತಿ ಹಿಡಿದು, "ಅಕ್ಕಾರ, ನನಗ ಇದರಾಗ ಒಂದು ಗ್ಲಾಸ್ ಕೊಡ್ತೀರೇನ್ರಿ?" ಎಂದು ಕೇಳಿದರು. ಸಿಟ್ಟಿನಲ್ಲಿ ಕೊಡೋಣ ಎನಿಸಿದ್ದು ಸುಳ್ಳಲ್ಲ.

ಅಡಿಗೆಮನೆಯನ್ನೂ ಬಿಡಲಿಲ್ಲ. "ಇದು ನಿಮ್ಮ ಕಾರ್ಖಾನೆರಿ. ನೀವು ಇಲ್ಲಿ ಕಾಮಗಾರ," ಅಂದರು. ಸೊಂಟ ಮುರಿದುಕೊಂಡು ರೊಟ್ಟಿ ಬಡಿಯಬಾರದಂತೆ. ನಾಲ್ಕು ರೊಟ್ಟಿಗೊಮ್ಮೆ ಎದ್ದು ಕೈ ಮೇಲೆತ್ತಿ, ಕುತ್ತಿಗೆ ಹೊರಳಿಸಿ, ದೂರದ ಗಿಡ ನೋಡಬೇಕಂತೆ. ನಾನು ಎದ್ದೆ, ಕೈ ಎತ್ತಿದೆ, ಬೇವಿನ ಗಿಡ ನೋಡಿದೆ. ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು.

"ರೊಟ್ಟಿ ಹೊತ್ತಿತಲ್ರಿ ಬೀಗರ."

"ಹೊತ್ತಲಿ ಬಿಡ್ರಿ. ಸುಟ್ಟ ರೊಟ್ಟಿ ನನಗ ಹಾಕ್ರಿ. ನಿಮ್ಮ ಸೊಂಟಕ್ಕ ಬ್ಯಾರೆ ಸ್ಪೇರ್ ಪಾರ್ಟ್ ಸಿಗಂಗಿಲ್ಲ."

ಅವರು ನಿಜಕ್ಕೂ ಆ ಸುಟ್ಟ ರೊಟ್ಟಿಯನ್ನೇ ತಿಂದರು. ಈಗ ನಿಮ್ಮ ಕಿವಿಯಲ್ಲಿ ಹೇಳುತ್ತೇನೆ, ಆವತ್ತಿನಿಂದ ನನ್ನ ಸೊಂಟನೋವು ಅರ್ಧಕ್ಕರ್ಧ ಇಳಿದಿದೆ. ಬೀಗರಿಗೆ ಮಾತ್ರ ತಿಳಿಸಬೇಡಿ, ಇನ್ನೂ ಏನೇನು ಮಾಡಿಸುತ್ತಾರೋ.

ಕೂಸಿಗೆ ಸೋಪು ತರಲೆಂದು ಒಂದು ಸೋಮವಾರ ನನ್ನನ್ನೂ ಅಂಗಡಿಗೆ ಕರೆದೊಯ್ದರು. ನಾನು ಸಾಲಿ ಮೂರನೇ ಇಯತ್ತೆಗೇ ಬಿಟ್ಟವಳು. ಡಬ್ಬಿಯ ಮೇಲೆ ಕೂಸಿನ ಚಿತ್ರವಿದ್ದರೆ ಅದು ಕೂಸಿನದು ಎಂದು ತಿಳಿದು ತರುವವಳು. ಬೀಗರು ಕಿಸೆಯಿಂದ ಭೂತಗನ್ನಡಿ ತೆಗೆದರು. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ, ಜಾತಕ ನೋಡುವ ಸ್ವಾಮಿಗಳಂತೆ ಓದತೊಡಗಿದರು. ಹಿಂದೆ ಗಿರಾಕಿಗಳು ಸಾಲುಗಟ್ಟಿದರು.

"ಯಜಮಾನ್ರ, ತಗೋತೀರೋ, ಓದಿ ಇಟ್ಟು ಹೋಗ್ತೀರೋ?" ಎಂದ ಅಂಗಡಿಯವ.

"ಓದಿ ತಗೋತೇನಿ. ನೀ ಓದಿ ತಂದಿದ್ರ ನಾ ಓದ್ತಿದ್ದಿಲ್ಲ. ನೋಡು, ಇದರ ಅವಧಿ ಹೋದ ತಿಂಗಳನ ಮುಗದೈತಿ."

ಅಂಗಡಿಯವ ಡಬ್ಬಿ ಕಸಿದು ಒಳಗಿಟ್ಟ. ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಮುದುಕಿ ತನ್ನ ಬಿಸ್ಕಿಟ್ ಪುಡಿಕೆ ಚಾಚಿ, "ಯಪ್ಪಾ, ನಂದೂ ಒಂಚೂರು ಓದಿ ಹೇಳೋ," ಅಂದಳು. ಅವಳ ಹಿಂದಿನವನು ಎಣ್ಣೆಯ ಪಾಕೀಟು ಚಾಚಿದ. ಬೀಗರು ಓದಿದರು, ಬಿಲ್ಲು ಕೇಳಿ ಪಡೆಯಲು ಕಲಿಸಿದರು, ಸೀಲು ಒಡೆದದ್ದನ್ನು ಮುಟ್ಟಬೇಡಿ ಎಂದರು. ನಾವು ಸೋಪು ತರುವುದನ್ನೇ ಮರೆತು ಮನೆಗೆ ಬಂದೆವು. ಈಗ ಬೀಗರು ಬಸ್ಸಿಳಿದರು ಎಂದು ಗೊತ್ತಾದರೆ ಸಾಕು, ಆ ಅಂಗಡಿಯವನು ಕಪಾಟು ಝಾಡಿಸಲು ನಿಲ್ಲುತ್ತಾನೆ.

ಹೆಸರಿನ ವಿಷಯದಲ್ಲಂತೂ ಕೇಳಲೇಬೇಡಿ. ಬೀಗರ ಹೆಂಡತಿ, ಅಂದರೆ ನಮ್ಮ ಬೀಗತಿ, ತಮ್ಮ ಅತ್ತೆಯ ಹೆಸರು ಸರ್ವಮಂಗಳಾ ಎಂದು ಇಡಬೇಕೆಂದಿದ್ದರು. ಬೀಗರು ನನಗೆ ಫೋನು ಮಾಡಿ ಬೇಡವೆಂದರು. ತಮ್ಮ ಹೆತ್ತ ತಾಯಿಯ ಹೆಸರನ್ನೇ.

"ನಾಳೆ ಕೂಸು ಅಂಬೆಗಾಲಿಟ್ಟು ಬಿಸಿನೀರಿನ ಕಡೆ ಹೊಂಟತು ಅಂತ ತಿಳಕೋರಿ. ಸ-ರ್ವ-ಮಂ-ಗ-ಳಾ ಅಂತ ಕರಿಯೂದ್ರಾಗ ಅದು ಹಂಡೇದಾಗ ಇರತೈತಿ. ಹೆಸರು ಎರಡಕ್ಷರ ಇರಬೇಕು, ಒಮ್ಮಿಗೇ ಬಾಯಿಗಿ ಬರಬೇಕು."

ಹೀಗೆ ನನ್ನ ಮೊಮ್ಮಗಳು ಉಮಾ ಆದಳು. ಎಷ್ಟು ಚಂದದ ಹೆಸರು ನೋಡಿ. ಕರೆದರೆ ತುಟಿ ತಾನಾಗೇ ಮುದ್ದು ಕೊಡಲು ಹೋಗುತ್ತದೆ.

ತೊಟ್ಟಿಲ ದಿನ ಬಂದೇ ಬಂತು. ಸಂಭ್ರಮಕ್ಕಿಂತ ನನಗೆ ಹೆದರಿಕೆಯೇ ಹೆಚ್ಚು. ಬೀಗರು ಇವತ್ತು ತೀರ್ಪು ಕೊಡಬೇಕು, ಕೂಸು ಇಲ್ಲಿಯೋ ಇಂಡಿಗೋ. ಇಂಡಿಯವರು ಕ್ರೂಸರ್ ಗಾಡಿ ಮಾಡಿಕೊಂಡು ಬಂದರು. ಸಿಂದಗಿಯಿಂದ ನನ್ನ ತಂಗಿಯ ಮನೆಯವರು, ಮುದ್ದೇಬಿಹಾಳದಿಂದ ಸೋದರತ್ತೆ, ಮನೆ ತುಂಬಿ ತುಳುಕಿತು. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲಿಗೆ ಕೂಸಿನ ಕುಲಾಯಿ ಟೊಪ್ಪಿಗೆ ಕಟ್ಟಿ ಮಲಗಿಸುವುದು ನಮ್ಮ ಪದ್ಧತಿ. ಬೀಗರು ಅದನ್ನು ನೋಡಿ ಖುಷಿಯಾದರು.

"ಹಿರ್ಯಾರು ಇದನ್ನ ಸುಮ್ಮ ಮಾಡಿಲ್ರಿ. ಭಾರ ತಡಿತೈತೋ ಇಲ್ಲೋ ನೋಡಾಕ ಮಾಡ್ಯಾರ. ಆದ್ರ ಕಲ್ಲು ಸಣ್ಣದಾತು." ಎಂದವರೇ ಅರ್ಧ ಚೀಲ ಜೋಳ ತಂದು ತೊಟ್ಟಿಲಿಗೆ ಹೇರಿದರು.

ಮುದ್ದೇಬಿಹಾಳದ ಅತ್ತೆ ಬಾಯಿಗೆ ಸೆರಗು ಹಚ್ಚಿದಳು. "ಏನ್ರಿ, ಹುಟ್ಟಿದ್ದು ಕೂಸೋ, ಹೋರಿ ಕರುವೋ?"

"ಕೂಸು ಬೆಳಿತೈತ್ರಿ ಅತ್ತಿ."

ಕೊಂಡಿ ಕಿರ್ರೆನ್ನಲಿಲ್ಲ, ಹಗ್ಗ ಜಗ್ಗಲಿಲ್ಲ. ಆಮೇಲೆ ಹೆಂಗಸರು ಎರಡೂ ಬದಿಗೆ ನಿಂತು ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಬೇಕು. ಬೀಗರು ಮನೆಯ ಗಾದಿಗಳನ್ನೆಲ್ಲ ಎಳೆದು ನೆಲಕ್ಕೆ ಹಾಸಿದರು. ರೇಷ್ಮೆ ಸೀರೆಯ ಹೆಂಗಸರನ್ನು ಸಾಲು ಹಚ್ಚಿ ಸೋಪಿನಿಂದ ಕೈ ತೊಳೆಸಿದರು. ಬೀಗರ ಮೇಲೆ ಹಾಡು ಕಟ್ಟಿ ಹಂಗಿಸುವುದು ಎಲ್ಲ ಕಡೆ ಇದ್ದದ್ದೇ, ಆದರೆ ಇಷ್ಟು ಸರಂಜಾಮು ಯಾವ ಬೀಗರೂ ಒದಗಿಸಿರಲಿಕ್ಕಿಲ್ಲ. ನನ್ನ ತಂಗಿ ಅಲ್ಲೇ ಕಟ್ಟಿ ಹಾಡಿದಳು:

"ಸಕ್ಕರಿ ಕೊಟ್ಟರ ಚೀಟಿ ಓದ್ಯಾನ ಬೀಗ,
ಅಕ್ಕರಿ ಮಾಡಂದ್ರ ಕೈ ತೊಳದಾನ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಒಂದು ಮಾತು ಹೊಳೆಯಿತು. ಇಷ್ಟು ಸೋಮವಾರ ಬಂದು ಇಷ್ಟು ಸಲ ಕೈ ತೊಳೆದ ಈ ಮನುಷ್ಯ, ಒಮ್ಮೆಯೂ ಕೂಸನ್ನು ಎತ್ತಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಊಟ ಮುಗಿಯಿತು. ಕ್ರೂಸರಿನವನು ಹಾರ್ನ್ ಹೊಡೆಯತೊಡಗಿದ. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಏನ್ ಹೇಳ್ತೀರಿ ಬೀಗರ? ಕೂಸು ಇಲ್ಲಿರೂದೋ, ಇಂಡಿಗಿ ಬರೂದೋ?"

ಅವರು ಛತ್ತು ನೋಡಿದರು, ಕಿಟಕಿ ನೋಡಿದರು, ಗೋಡೆ ನೋಡಿದರು. ಎಲ್ಲಾದರೂ ಒಂದು ಬಿರುಕು ಸಿಕ್ಕೀತೋ ಎಂದು ಹುಡುಕುವ ಹಾಗಿತ್ತು.

"ಎಲ್ಲಾ ಬರಾಬರಿ ಐತ್ರಿ ಅಕ್ಕಾರ. ಐದೂ ತಿಂಗಳು ಇಲ್ಲೇ ಇರಲಿ." ತೊಟ್ಟಿಲ ಕಡೆ ತಿರುಗಿ, "ಇನ್ನ ನಾ ಬರೂವಂಥಾ ಕೆಲಸ ಏನೂ ಉಳಿದಿಲ್ಲ," ಅಂದರು.

ನಾನು ಕುಣಿಯಬೇಕಿತ್ತು. ಆದರೆ ಅವರ ಮುಖ ನೋಡಿ ಕಾಲು ಏಳಲಿಲ್ಲ.

"ಒಮ್ಮಿ ಎತ್ತಿಕೊಳ್ರಿ ಮತ್ತ ಮೊಮ್ಮಗಳನ್ನ," ಅಂದೆ.

"ಬ್ಯಾಡ್ರಿ. ಕಬ್ಬಿಣ ಹಿಡಿದ ಕೈರಿ ಇವು, ಗರಗಸ ಆಗ್ಯಾವ. ಎಳೆ ಚರ್ಮ ತರಚತೈತಿ." ಎಂದು ಹಾಸಿಗೆ ಅತಿ ಮೆತ್ತಗಿದೆಯೋ ಏನೋ ನೋಡಲು ತೊಟ್ಟಿಲೊಳಗೆ ಒಂದು ಬೆರಳು ಇಳಿಬಿಟ್ಟರು.

ಉಮಾ ಆ ಬೆರಳನ್ನು ಹಿಡಿದುಬಿಟ್ಟಳು. ಐದೂ ಬೆರಳು ಸುತ್ತಿ, ಗಟ್ಟಿಯಾಗಿ.

ಬೀಗರು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಹಾರ್ನ್ ಮತ್ತೆ ಕೂಗಿತು. ಬೀಗತಿ ಒಳಗೆ ಬಂದು, "ಬರ್ತೀರೋ ಇಲ್ಲೋ? ಗಾಡಿ ತುಂಬ ಮಂದಿ ಕುಂತಾರ," ಅಂದರು.

"ಬಿಡವಲ್ಲಳು," ಅಂದರು ಬೀಗರು, ಉಸಿರಿಗಿಂತ ಮೆಲ್ಲಗೆ.

"ಬಿಡಿಸ್ಕೊಂಡು ಬರ್ರಿ."

"ಜಗ್ಗಬಾರದು. ಬೆರಳಿನ ಕೀಲು ಎಳೇವು ಇರತಾವ. ತಾನಾಗೇ ಬಿಡಬೇಕು."

ಬೀಗತಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಕ್ರೂಸರ್ ಹೊರಟ ಸಪ್ಪಳ ಕೇಳಿಸಿತು.

ಕೂಸು ಅಷ್ಟೊತ್ತಿಗೆ ನಿದ್ದೆ ಹೋಗಿತ್ತು. ಮುಷ್ಟಿ ಸಡಿಲಾಗಿದ್ದು ನನಗೆ ಕಾಣುತ್ತಿತ್ತು. ನಾನು ಹೇಳಲಿಲ್ಲ.

ಒಳಗಿನಿಂದ ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟೆ. ಅದರ ಕಾಲು ಅಲುಗಾಡುತ್ತದೋ ಇಲ್ಲವೋ ಎಂದು ನೋಡದೆಯೇ ನಮ್ಮ ಬೀಗರು ಕುಳಿತರು.