ಹ್ಯಾಟೆ ಕೊಟ್ಟ ಮರ್ಯಾದೆ

ಮನೆಯ ಯಜಮಾನ ಎಂಬ ಹುದ್ದೆ ಹನುಮಂತರಾಜುವಿಗೆ ರೇಷನ್ ಕಾರ್ಡಿನಲ್ಲೂ ಸಿಕ್ಕಿರಲಿಲ್ಲ. ಅಲ್ಲಿಯೂ ಹೆಂಡತಿ ಆಶಾರಾಣಿಯ ಹೆಸರೇ ಮೇಲೆ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಅಲ್ಲಿನ ಕೆಲಸಗಾರರು ಅವನ ಮಾತು ಕೇಳಿಸಿಕೊಂಡ ಹಾಗೆ ನಟಿಸುವಷ್ಟಾದರೂ ಮರ್ಯಾದೆ ಕೊಡುತ್ತಿದ್ದರು. ಶಿರಾ ಗೇಟ್ ಹತ್ತಿರದ ಅವನ ಸ್ವಂತ ಮನೆಯಲ್ಲಿ ಅಷ್ಟೂ ಇರಲಿಲ್ಲ. ಟೀಚರ್ ಆಗಿದ್ದ ಆಶಾರಾಣಿ ಅವನನ್ನು ಹೋಂವರ್ಕ್ ಮಾಡದೆ ಬಂದವನನ್ನು ನೋಡುವ ಹಾಗೆ ನೋಡುತ್ತಿದ್ದಳು. ಹೆತ್ತ ತಾಯಿ ಚೆನ್ನಮ್ಮನಾದರೂ ಮಗನ ಕಡೆ ಇರಬಾರದೇ? (ಇರಲಿಲ್ಲ. ಆಕೆ ಸೊಸೆಯ ಪಾರ್ಟಿ.)

ಹೀಗಿರುವಾಗ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಅವನಿಗೊಂದು ನಮಸ್ಕಾರ ಸಿಕ್ಕಿತು.

ಚೆನ್ನಮ್ಮ ಹುತ್ರಿದುರ್ಗದಿಂದ ಮೂರು ಕೋಳಿಮರಿಗಳನ್ನು ತಂದು ಸಾಕಿದ್ದಳು. ಮೂರೂ ಹ್ಯಾಟೆಗಳೇ, ಹುಂಜ ಒಂದೂ ಇಲ್ಲ. ಇನ್ನೂ ಯಾವುದೂ ಮೊಟ್ಟೆ ಇಟ್ಟಿರಲಿಲ್ಲ. ಹನುಮಂತರಾಜು ನುಚ್ಚು ಹಾಕಲು ಬಗ್ಗಿದಾಗ ಕೆಂಚಿ ಎಂಬ ಕೆಂದು ಹ್ಯಾಟೆ ಓಡಿಹೋಗುವ ಬದಲು ಅವನ ಕಾಲ ಬಳಿಗೇ ಬಂದು, ರೆಕ್ಕೆ ಸ್ವಲ್ಪ ಅಗಲಿಸಿ, ಬೆನ್ನು ಚಪ್ಪಟೆ ಮಾಡಿ, ನೆಲಕ್ಕೆ ಕುಕ್ಕರಿಸಿಬಿಟ್ಟಿತು. ಯಾರೋ ದೊಡ್ಡ ಮನುಷ್ಯರು ಬಂದಿರಬೇಕೆಂದು ಅವನು ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. ಕೋಳಿ ಅಡ್ಡಬಿದ್ದದ್ದು ಅವನಿಗೇ!

ಅಂದಿನಿಂದ ಅವನ ಸಂಶೋಧನೆ ಶುರುವಾಯಿತು. ಯೂನಿಫಾರ್ಮ್ ಹಾಕಿಕೊಂಡು ಹೋದ, ಕೂತಿತು. ಲುಂಗಿಯಲ್ಲಿ ಹೋದ, ಕೂತಿತು. ನುಚ್ಚಿಲ್ಲದೆ ಬರಿಗೈಯಲ್ಲಿ ಹೋದರೂ ಕೂತಿತು. ಅಂದರೆ ಇದು ಹೊಟ್ಟೆಪಾಡಿನ ಭಕ್ತಿಯಲ್ಲ, ನಿಜವಾದ ಗೌರವ! ಬೆನ್ನು ಸವರಿದರೆ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಎದ್ದು ಮೈ ಕೊಡವಿಕೊಂಡು ತನ್ನ ಪಾಡಿಗೆ ಕೆದಕಲು ಹೋಗುತ್ತಿತ್ತು. ಉಳಿದೆರಡು ಮಾತ್ರ ಅವನನ್ನು ಕಂಡರೆ ಸಂಪಿನ ಆಚೆಗೆ ದೌಡು. ಇದೊಂದೇ ಯಾಕೆ ಹೀಗೆ ಎಂಬ ಕುತೂಹಲ ಅವನ ತಲೆ ಕೊರೆಯತೊಡಗಿತು.

ಶನಿವಾರ ಅಡುಗೆಮನೆಯಿಂದ ಬಾಂಬು ಬಿತ್ತು.

"ರೀ, ನಾಳೆ ಗುಬ್ಬಿಯಿಂದ ನಮ್ಮಣ್ಣ ಭೀಮರಾಜ್ ಬರ್ತಾನೆ. ಆ ಕೆಂಚೀನ ಕುಯ್ಸಿಬಿಡಿ. ಅದಕ್ಕೆ ಕಾಲಲ್ಲಿ ಶಕ್ತಿ ಇಲ್ಲ, ಕುಸಿದು ಕುಸಿದು ಕೂರ್ತದೆ. ಸೊರಗೋಕ್ ಮುಂಚೆ ಸಾರಾಗ್ಲಿ."

ಹನುಮಂತರಾಜು ಅಡುಗೆಮನೆಗೆ ಓಡಿಬಂದ. ಇಡೀ ಸಂಸ್ಥಾನದಲ್ಲಿ ತನಗೆ ತಲೆಬಾಗುವ ಏಕೈಕ ಪ್ರಜೆಯನ್ನು ಮುದ್ದೆಯ ಜೊತೆ ನುಂಗುವುದೇ?

"ಅದು ಕಾಯಿಲೆ ಅಲ್ಲ ಕಣೇ, ಮರ್ಯಾದೆ!"

"ಯಾರಿಗೆ?"

"ನಂಗೆ."

ಆಶಾರಾಣಿ ಸೌಟು ಕೆಳಗಿಟ್ಟು, ಮನಸಾರೆ ನಕ್ಕಳು.

"ನಿಂಗಾ?" ಎಂದಳು ಚೆನ್ನಮ್ಮ. "ಪಾಪ, ಅದ್ಕೆ ಕಣ್ಣೂ ಹೋಗೈತೇನೋ ನೋಡೇ ಆಶಾ!"

ಅವಮಾನಿತನಾದ ಹನುಮಂತರಾಜು ಮೊಬೈಲಿಗೆ ಮೊರೆಹೋದ. ಹುಡುಕಿ ಹುಡುಕಿ ಕೊನೆಗೂ ಸಿಕ್ಕಿತು. ಮೊಟ್ಟೆ ಇಡುವ ವಯಸ್ಸಿಗೆ ಬಂದ ಹ್ಯಾಟೆ ಹುಂಜದ ಮುಂದೆ ಹೀಗೆ ತಗ್ಗಿ ಕೂರುತ್ತದಂತೆ. ಹುಂಜ ಇಲ್ಲದ ಹಿತ್ತಲಿನಲ್ಲಿ, ತನ್ನ ಮೇಲೆ ಕೈ ಚಾಚುವ ಮನುಷ್ಯರ ಮುಂದೆಯೂ ಕೂರುತ್ತದಂತೆ!

"ಓದ್ಕೋ!" ಎಂದು ಮೊಬೈಲನ್ನು ಹೆಂಡತಿಯ ಮುಖಕ್ಕೆ ಹಿಡಿದ. "ಇವತ್ತೋ ನಾಳೆನೋ ಮೊಟ್ಟೆ ಇಡೋ ಕೋಳೀನ ಕುಯ್ಯೋದಾ?"

ಆಶಾರಾಣಿ ಪೂರ್ತಿ ಓದಿದಳು. "ಸರಿ, ಕೆಂಚಿ ಉಳ್ಕೊಳ್ಲಿ. ನಮ್ಮಣ್ಣಂಗೆ ಅಂಗಡಿಯಿಂದಾನೇ ಚಿಕನ್ ತಂದ್ಬಿಡಿ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವನು ಗೆದ್ದಿದ್ದ. ಆದರೆ ಗೆದ್ದು ಅಭ್ಯಾಸವಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಹೇಗೆ ಗೊತ್ತಾಗಬೇಕು? "ಈ ಮನೆ ಹುಂಜ ಯಾರು ಅಂತಾನೂ ಇತ್ಯರ್ಥ ಆಗ್ಲಿ, ಬಾ ಹಿತ್ತಲಿಗೆ," ಎಂದುಬಿಟ್ಟ.

ಒಂದು ಕಡೆ ಅವನು, ಇನ್ನೊಂದು ಕಡೆ ಅವಳು ನಿಂತರು. ಅವನು "ಬಾ ಕೆಂಚಿ, ಬಾರವ್ವಾ" ಎಂದು ಬೆಣ್ಣೆ ಹಚ್ಚಿದ. ಕೆಂಚಿ ಕತ್ತು ಕೊಂಕಿಸಿ ಅವನನ್ನೊಮ್ಮೆ ನೋಡಿತು. ಅವನನ್ನು ದಾಟಿಕೊಂಡು ನೆಟ್ಟಗೆ ಆಶಾರಾಣಿಯ ಹತ್ತಿರ ಹೋಯಿತು. ಅವಳು ಬಗ್ಗಲೂ ಇಲ್ಲ. ಕ್ಲಾಸಿನಲ್ಲಿ ಮಾಡುವಂತೆ ಬರೀ ಕೈ ಚಾಚಿ "ಕೂತ್ಕೋ" ಎಂದಳು. ಕೆಂಚಿ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಕೂತಿತು.

"ಅದು... ಬಿಸ್ಲಿಗೆ ಕನ್‌ಫ್ಯೂಸ್ ಆಗಿದೆ," ಎನ್ನುತ್ತಾ ಹನುಮಂತರಾಜು ಕೆಂಚಿಯ ಪಕ್ಕಕ್ಕೆ ಬಂದು ಗೋಡೆಗೊರಗಿ ನಿಂತ.

ಕೋಳಿ ಮುಚ್ಚುವ ಮಂಕರಿ ಅವನ ತಲೆಯ ಮೇಲುಗಡೆ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ತೆಗೆದುಕೊಳ್ಳಲೆಂದು ಆಶಾರಾಣಿ ಕೈ ಎತ್ತಿದಳು, ಅಷ್ಟೆ. ಹನುಮಂತರಾಜು ಕತ್ತು ಒಳಗೆಳೆದುಕೊಂಡು, ತೋಳುಗಳನ್ನು ಸ್ವಲ್ಪ ಅಗಲಿಸಿ, ಕೆಂಚಿಯ ಪಕ್ಕದಲ್ಲೇ ತಟಕ್ಕನೆ ಕುಕ್ಕರಿಸಿಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಚೆನ್ನಮ್ಮ ಹ್ಯಾಟೆಯನ್ನು ನೋಡಿದಳು, ಮಗನನ್ನು ನೋಡಿದಳು.

"ಆಶಾ, ಮೊಟ್ಟೆ ಇಡಕ್ಕೆ ಹುಲ್ಲು ಹಾಸಿ ಬುಟ್ಟಿ ಇಡು ಕಣೇ," ಎಂದಳು. "ಒಂದು ಸಾಲಾಕಿಲ್ಲ, ಎಲ್ಡು ಇಡು."